ಹನ್ನೆರಡು ಕೆಂಪು ಚುಕ್ಕೆ

‘ಬೇರೆ ಯಾರಿಂದಲೂ ಇಂಥ ದೂರು ಬಂದಿಲ್ಲ. ಲೋಪ ನಿಮ್ಮ ಹುಳು ಮನೆಯಲ್ಲೇ ಆಗಿರಬೇಕು’ — ನಾಲ್ಕು ವರ್ಷದ ಹಿಂದೆ ನಿಮ್ಮ ಫೋನಿಗೆ ಬಂದ ಆ ಎರಡು ಸಾಲನ್ನು ಬರೆದವಳು ನಾನು, ಅತ್ತಿಗೆ. ಚಾಕಿ ಕೇಂದ್ರದವರಲ್ಲ. ತನ್ನಷ್ಟಕ್ಕೆ ಉತ್ತರ ಕೊಡುವ ಯಂತ್ರವೂ ಅಲ್ಲ. ನಿಮ್ಮ ನಾದಿನಿ ಶೋಭ — ಚಿಕ್ಕಬಳ್ಳಾಪುರದ ಆಫೀಸಿನಲ್ಲಿ ಕುರ್ಚಿಯ ಮೇಲೆ ಕಾಲು ಮಡಚಿ ಕೂತು, ಪಕ್ಕದಲ್ಲಿ ಟೀ ಲೋಟ ಇಟ್ಟುಕೊಂಡು ಬರೆದದ್ದು. ಸುಳ್ಳೆಂದು ಗೊತ್ತಿದ್ದೂ ಬರೆದದ್ದು. ಆ ಸಲ ನಿಮ್ಮ ರೇಷ್ಮೆ ಹುಳು ಸತ್ತದ್ದು ನಿಮ್ಮಿಂದ ಅಲ್ಲ.

ಇಷ್ಟು ಬರೆಯುವುದರೊಳಗೆ ಮೂರು ಸಲ ಎದ್ದು ಓಡಾಡಿದೆ. ಒಲೆಯ ಮೇಲಿಟ್ಟ ಹಾಲು ಉಕ್ಕಿತು, ಒರೆಸಿದೆ. ಬಾಗಿಲಿಗೆ ಹೋದೆ, ಯಾರೂ ಇರಲಿಲ್ಲ, ಬಂದು ಕೂತೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪಾಡು ನನ್ನದು. ಯಾರ ಫೋನಿನಲ್ಲಾದರೂ ಸಂದೇಶ ಬಂದ ಸದ್ದಾದರೆ ಸಾಕು, ನನ್ನ ಫೋನ್ ತೆಗೆದು ನೋಡಿಕೊಳ್ಳುತ್ತೇನೆ. ನೀವು ಮಾತ್ರ ಇಷ್ಟು ವರ್ಷದಲ್ಲಿ ನನ್ನನ್ನು ಒಂದು ಮಾತು ಅಂದಿಲ್ಲ. ಗೊತ್ತಿದ್ದರೆ ತಾನೇ ಅನ್ನುವುದು.

ಬಿಡಿಸಿ ಹೇಳುತ್ತೇನೆ. ಇದನ್ನು ಹುಳು ಸಾಕದವರೂ ಓದಬೇಕಾಗಬಹುದು, ಅದಕ್ಕೆ ನಿಮಗೆ ಗೊತ್ತಿರುವುದನ್ನೂ ಬರೆದರೆ ಬೇಜಾರು ಮಾಡಿಕೊಳ್ಳಬೇಡಿ.

ನಮ್ಮದು ಬೇಕರಿಯ ಮೇಲಿನ ಎರಡು ಕೋಣೆಯ ಆಫೀಸು. ಶಿಡ್ಲಘಟ್ಟದ ಕಡೆಯ ಒಂದು ಚಾಕಿ ಕೇಂದ್ರಕ್ಕೆ ಆ್ಯಪ್ ಮಾಡಿಕೊಟ್ಟಿದ್ದೆವು. ರೇಷ್ಮೆ ಮೊಟ್ಟೆ ಒಡೆಸಿ, ಎರಡು ಜ್ವರ ದಾಟುವ ತನಕ ಮರಿಹುಳುಗಳನ್ನು ಸಾಕಿ, ಆಮೇಲೆ ರೈತರ ಮನೆಗಳಿಗೆ ಕೊಡುವ ಕೇಂದ್ರ ಅದು. ಹುಳು ಸೊಪ್ಪು ಬಿಟ್ಟು ಮಲಗಿ ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತೇವೆ. ನಾಲ್ಕು ಜ್ವರ ದಾಟಿದರೆ ಗೂಡು. ಆ್ಯಪ್ಪಿನಲ್ಲಿ ರೈತರು ಚಾಕಿ ಹುಳು ಬೇಕೆಂದು ಬರೆಸಬಹುದಿತ್ತು, ಯಾವ ದಿನ ಬರುತ್ತದೆಂದು ನೋಡಬಹುದಿತ್ತು. ಅಷ್ಟೇ ಇತ್ತು. ಜನ ಅದರ ಬಗ್ಗೆ ಏನನ್ನುತ್ತಾರೆ ಅನ್ನುವುದು ಮಾತ್ರ ನಮಗೆ ತಿಳಿಯುತ್ತಿರಲಿಲ್ಲ.

ಆಗ ಆಫೀಸು ನಡೆಸುವ ನಮ್ಮ ಸರ್ ಒಂದು ಸಿದ್ಧ ಟೂಲ್‌ಕಿಟ್ ತರಿಸಿದರು. ಅದನ್ನು ಆ್ಯಪ್ಪಿನೊಳಗೆ ಕೂರಿಸಿಬಿಟ್ಟರೆ, ಫೋನ್ ಅಲ್ಲಾಡಿಸಿದ ಕೂಡಲೇ ಒಂದು ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಫೋಟೊ ಹಾಕಬಹುದು, ಮಾತಾಡಿ ಕಳಿಸಬಹುದು. ನಮ್ಮ ಕಡೆ ಒಂದು ಪರದೆ — ಉತ್ತರ ಹೋಗದ ಸಂದೇಶದ ಮುಂದೆ ಕೆಂಪು ಚುಕ್ಕೆ, ಹೋದದ್ದರ ಮುಂದೆ ಹಸಿರು. ಆ್ಯಪ್ಪಿನ ಯಾವ ಪುಟ ತೆರೆದಿರಬೇಕು, ಯಾವುದು ಮುಚ್ಚಿರಬೇಕು ಅನ್ನುವುದನ್ನೂ ಅದೇ ಪರದೆಯಿಂದ ನಡೆಸಬಹುದು, ಮನೆಯ ದೀಪ ಹಾಕಿ ಆರಿಸಿದಷ್ಟು ಸಲೀಸಾಗಿ. ಅದನ್ನು ಕೂರಿಸಿದವಳು ನಾನು. ಒಂದು ಪುಟಕ್ಕೆ ‘ಜಗಲಿ’ ಅಂತ ಹೆಸರಿಟ್ಟವಳೂ ನಾನೇ. ಒಬ್ಬರು ಬರೆದದ್ದನ್ನು ಅಲ್ಲಿ ಎಲ್ಲರೂ ಓದಬಹುದು, ನಮ್ಮೂರ ಜಗಲಿಯ ಮೇಲೆ ಕೂತು ಮಾತಾಡಿದ ಹಾಗೆ. ಎಷ್ಟು ಬೀಗಿದ್ದೆ ನಾನು — ನಿಮಗೆ ನೆನಪಿರಬೇಕು.

ಯುಗಾದಿಗೆ ತವರಿಗೆ ಬಂದಾಗ ನಿಮ್ಮ ಫೋನಿಗೂ ಅದನ್ನು ಹಾಕಿದೆ. ಕೈವಾರದಲ್ಲಿ ಬಸ್ಸಿಳಿದು ನಡೆದು ಬಂದವಳು ಕಾಲೂ ತೊಳೆಯದೆ ಅದೇ ಮಾತು. ನೀವು ಹುಳು ಮನೆಯಲ್ಲಿದ್ದಿರಿ. ಚಿಂತಾಮಣಿಯ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಊರಿಂದ ಬಂದ ಹೆಣ್ಣು ನೀವು. ನಮ್ಮ ಹತ್ತಿರ ಕನ್ನಡ, ಹುಳುವಿನ ಹತ್ತಿರ ತೆಲುಗು. ‘ತಿನಂಡ್ರಾ, ತಿನಂಡಿ’ ಅನ್ನುತ್ತ, ಮಕ್ಕಳಿಗೆ ಉಣ್ಣಿಸುವ ಹಾಗೆ ಸೊಪ್ಪು ಹಾಕುತ್ತಿದ್ದಿರಿ. ಅಣ್ಣ ಹೊಲ ನೋಡಿಕೊಳ್ಳುತ್ತಿದ್ದ, ಅಮ್ಮ ಒಲೆ ನೋಡಿಕೊಳ್ಳುತ್ತಿದ್ದಳು. ಹುಳು ಮನೆ ನಿಮ್ಮದು. ಆ ಮನೆಯಲ್ಲಿ ನಿಮ್ಮದು ಅನ್ನುವಂಥದ್ದು ಅದೊಂದೇ ಇತ್ತು ಅಂತ ನನಗೆ ಆಗ ಹೊಳೆದಿರಲಿಲ್ಲ.

‘ಏನಾದ್ರೂ ತೊಂದ್ರೆ ಆದ್ರೆ ಫೋನ್ ಅಲ್ಲಾಡಿಸಿ ಮಾತಾಡಿ ಅತ್ತಿಗೆ. ನೇರ ನನ್ಗೇ ಬರುತ್ತೆ, ನಾನೇ ನೋಡ್ತೀನಿ’ ಅಂದೆ.

‘ಬುಡುಬುಡುಕೆಯೋನು ಅಲ್ಲಾಡಿಸ್ದಂಗಾ?’ ಅಂತ ನಕ್ಕಿರಿ. ‘ಶುಭ ನುಡಿತೈತಾ ನಿನ್ ಆ್ಯಪ್ಪು?’

ಆ ನಗು ಈಗಲೂ ಕಿವಿಯಲ್ಲಿದೆ. ನುಡಿಯಿತಲ್ಲ, ಶುಭ.

ಆಮೇಲಿನ ಬೆಳೆಗೇ ಅದು ಆಯಿತು. ಒಂದು ಗುರುವಾರ ಬೆಳಗ್ಗೆ ಪರದೆ ತೆರೆದರೆ ಕೆಂಪು ಚುಕ್ಕೆ ನಾಲ್ಕು. ಶಿಡ್ಲಘಟ್ಟದ ಸುತ್ತಲ ಊರುಗಳಿಂದ. ಹುಳು ಒಂದೇ ಸಮ ಇಲ್ಲ, ಸೊಪ್ಪು ಮುಟ್ಟುತ್ತಿಲ್ಲ, ಮೂರನೇ ಜ್ವರದಿಂದ ಏಳುತ್ತಿಲ್ಲ — ನಾಲ್ವರದೂ ಒಂದೇ ಮಾತು, ಫೋಟೊ ಕೂಡ ಒಂದರಂತೆ ಇನ್ನೊಂದು. ಐದನೆಯದು ನಿಮ್ಮದು. ಹನ್ನೊಂದು ಗಂಟೆಯೊಳಗೆ ಗೌರಿಬಿದನೂರಿನ ಕಡೆಯಿಂದಲೂ ಬಂದವು, ಮಂಚೇನಹಳ್ಳಿಯ ಪಕ್ಕದ ಊರಿನಿಂದ ಎರಡು. ಒಟ್ಟು ಹನ್ನೆರಡು. ಯಾರಿಗೆ ಯಾವ ಬ್ಯಾಚಿನ ಹುಳು ಹೋಗಿದೆ ಅನ್ನುವುದು ಪರದೆಯ ಬಲಗಡೆಯಲ್ಲೇ ಕಾಣುತ್ತದೆ. ಹನ್ನೆರಡೂ ಮನೆಗೆ ಹೋದದ್ದು ಒಂದೇ ಬ್ಯಾಚು, ಒಂದೇ ದಿನ ಕೊಟ್ಟದ್ದು. ಅದನ್ನು ತಿಳಿಯುವುದಕ್ಕೆ ದೊಡ್ಡ ಓದೇನೂ ಬೇಕಿರಲಿಲ್ಲ.

ನಿಮ್ಮ ಸಂದೇಶ ಬರೆದದ್ದಲ್ಲ, ಮಾತಾಡಿದ್ದು. ಅದನ್ನು ಈಗ ಬಾಯಿಪಾಠ ಒಪ್ಪಿಸಬಲ್ಲೆ.

‘ಶೋಭಮ್ಮಾ, ನೀನೇ ನೋಡ್ತೀನಿ ಅಂದಿದ್ಯಲ್ಲ, ಅದಕ್ಕೆ ಕಳಿಸ್ತಿದೀನಿ. ಹುಳ ಜ್ವರದಿಂದ ಏಳ್ತಾನೇ ಇಲ್ಲ. ಒಂದು ಇಷ್ಟುದ್ದ, ಒಂದು ಇಷ್ಟೇ. ನಾನು ಸುಣ್ಣ ಹೊಡ್ದು, ಬ್ಲೀಚಿಂಗ್ ಹಾಕಿ, ಕಾಲು ತೊಳ್ದೇ ಒಳಗೆ ಹೋಗ್ತಿರೋದು. ನನ್ಗೆ ಚಾಕಿ ಮೇಲೇ ಅನುಮಾನ. ಬೇರೆಯೋರ್ಗೂ ಹಿಂಗೇ ಆಗೈತಾ? ಒಸಿ ನೋಡಿ ಹೇಳಮ್ಮ. ಜಗಲಿ ತೆಗೆದ್ರೆ ಬರ್ತಾನೇ ಇಲ್ಲ.’

ಬರುವುದಾದರೂ ಹೇಗೆ. ಅದಕ್ಕೆ ಅರ್ಧ ಗಂಟೆ ಮುಂಚೆ ಜಗಲಿಯನ್ನು ಮುಚ್ಚಿದ್ದೆ.

ಯಾಕೆ ಅಂದರೆ — ಮಾರನೆಯ ದಿನ ಡೆಮೊ ಇತ್ತು. ಚಿಂತಾಮಣಿ, ಗೌರಿಬಿದನೂರು ಕಡೆಯ ಬೇರೆ ಚಾಕಿ ಕೇಂದ್ರಗಳವರೆಲ್ಲ ಬರುವವರಿದ್ದರು. ಗೋಡೆಯ ಮೇಲೆ ದೊಡ್ಡದಾಗಿ ಇದೇ ಪರದೆ ತೋರಿಸಿ, ನಾನೇ ನಿಂತು ವಿವರಿಸುವುದು ಅಂತ ಗೊತ್ತಾಗಿತ್ತು. ನೀಲಿ ರೇಷ್ಮೆ ಸೀರೆಗೆ ಇಸ್ತ್ರಿ ಹಾಕಿಸಿ ಇಟ್ಟಿದ್ದೆ. ಸರ್ ಬಂದು ನನ್ನ ಹಿಂದೆ ನಿಂತು ಪರದೆ ನೋಡಿದರು.

‘ನಾಳೆ ಒಂದು ಕೆಂಪು ಚುಕ್ಕೆನೂ ಕಾಣ್ಬಾರ್ದು ನೋಡಮ್ಮ’ ಅಂದರು.

ಅವರು ಹೇಳಿದ್ದು ಇಷ್ಟೇ. ಸುಳ್ಳು ಬರಿ ಅನ್ನಲಿಲ್ಲ, ಜಗಲಿ ಮುಚ್ಚು ಅನ್ನಲಿಲ್ಲ. ಇಷ್ಟು ವರ್ಷ ಮನಸ್ಸಿನೊಳಗೆ ಅವರನ್ನೇ ಬೈದುಕೊಂಡು ಹಗುರಾಗಲು ನೋಡಿದೆ, ಆಗಲಿಲ್ಲ. ಚುಕ್ಕೆ ಹಸಿರಾಗಬೇಕಾದರೆ ಉತ್ತರ ಹೋಗಬೇಕು. ‘ವಿಚಾರಿಸುತ್ತಿದ್ದೇವೆ’ ಅಂತ ಬರೆದರೂ ಚುಕ್ಕೆ ಹಸಿರಾಗುತ್ತಿತ್ತು. ಆದರೆ ವಿಚಾರಿಸುತ್ತಿದ್ದೇವೆ ಅಂದರೆ ಜನ ಮತ್ತೆ ಕೇಳುತ್ತಾರೆ, ಮತ್ತೆ ಕೆಂಪಾಗುತ್ತದೆ. ಮತ್ತೆ ಕೇಳದ ಹಾಗೆ ಬಾಯಿ ಕಟ್ಟುವಂಥ ಉತ್ತರ ಬೇಕಿತ್ತು ನನಗೆ. ತಪ್ಪು ನಿನ್ನ ಮನೆಯದೇ ಅಂದುಬಿಟ್ಟರೆ ಯಾರು ಮತ್ತೆ ಕೇಳುತ್ತಾರೆ? ಹುಳು ಸಾಕುವ ಮನೆಯಲ್ಲಿ ಹುಟ್ಟಿದವಳು ನಾನು. ಬಾಯಿ ಯಾವ ಮಾತಿಗೆ ಮುಚ್ಚುತ್ತದೆ ಅಂತ ನನಗಿಂತ ಚೆನ್ನಾಗಿ ಬೇರೆ ಯಾರಿಗೆ ಗೊತ್ತಿರಬೇಕು.

ಟೂಲ್‌ಕಿಟ್ಟಿನಲ್ಲಿ ಎಲ್ಲಕ್ಕೂ ಒಟ್ಟಿಗೆ ಉತ್ತರ ಕಳಿಸುವ ಸೌಕರ್ಯ ಇದೆ. ಯಾರು ಬರೆದರೂ ಉತ್ತರದ ಕೆಳಗೆ ಚಾಕಿ ಕೇಂದ್ರದ ಹೆಸರೇ ಬೀಳುತ್ತದೆ. ಹನ್ನೆರಡಕ್ಕೂ ಗುರುತು ಹಾಕಿದೆ. ಐದನೆಯದರ ಮೇಲೆ ಬಂದಾಗ ಕೈ ನಿಂತಿತು — ಇಲ್ಲ, ನಿಂತಿತು ಅಂತ ಈಗ ಬರೆಯುತ್ತಿದ್ದೇನೆ, ಎಷ್ಟು ಹೊತ್ತು ನಿಂತಿತೋ, ನಿಂತೇ ಇರಲಿಲ್ಲವೋ. ನಿಮ್ಮದೊಂದನ್ನು ಬಿಟ್ಟು ಫೋನ್ ಮಾಡಿ ನಿಜ ಹೇಳಬಹುದಿತ್ತು. ಅತ್ತಿಗೆ ತಾನೇ, ಮನೆಯವರು ತಾನೇ, ಡೆಮೊ ಮುಗಿಸಿ ಹೇಳಿದರಾಯಿತು, ಏನೂ ಅಂದುಕೊಳ್ಳುವುದಿಲ್ಲ — ಹೀಗಂದುಕೊಂಡೆ. ಗುರುತಿದ್ದ ಹೊರಗಿನವರಾಗಿದ್ದರೆ ಹೆದರುತ್ತಿದ್ದೆನೇನೋ. ನಮ್ಮವರು ಅನ್ನುವ ಸಲಿಗೆಯಲ್ಲೇ ಒತ್ತಿದೆ. ಹನ್ನೆರಡೂ ಹಸಿರಾದವು.

ಶುಕ್ರವಾರ ಡೆಮೊ ಚೆನ್ನಾಗಿ ಆಯಿತು. ಹೊಗಳಿದರು. ಇನ್ನೂ ಎರಡು ಕೇಂದ್ರದವರು ನಮಗೂ ಬೇಕು ಅಂದರು. ಅದೇ ಸಂಜೆ ಚಾಕಿ ಕೇಂದ್ರದ ಮೇಲ್ವಿಚಾರಕರು ನನಗೆ ಫೋನ್ ಮಾಡಿದರು.

‘ಮೇಡಂ, ಆ ಬ್ಯಾಚಿನ ಹುಳ ಸೂಕ್ಷ್ಮದರ್ಶಕದಲ್ಲಿ ನೋಡಿಸಿದ್ವಿ. ಗಂಟು ರೋಗ. ಮೊಟ್ಟೆಯಲ್ಲೇ ಬಂದೈತೆ. ಇಲ್ಲಿ ಉಳಿದಿದ್ದನ್ನ ಸುಟ್ಟಾಯ್ತು. ಆ್ಯಪ್ಪಲ್ಲಿ ಮಾತ್ರ ಏನೂ ಹಾಕ್ಬೇಡಿ.’

‘ಆಯ್ತು ಸರ್’ ಅಂದೆ. ಆಯ್ತು ಅನ್ನುವ ಮಾತು ನನ್ನ ಬಾಯಿಗೆ ಎಷ್ಟು ಬೇಗ ಬರುತ್ತದೆ ನೋಡಿ. ಗುರುವಾರ ನನಗಿದ್ದದ್ದು ಬಲವಾದ ಅನುಮಾನ ಅಂತಾದರೂ ವಾದಿಸಬಹುದು. ಶುಕ್ರವಾರ ಸಂಜೆಯ ಮೇಲೆ ಆ ವಾದವೂ ಇಲ್ಲ.

ಭಾನುವಾರ ಊರಿಗೆ ಬಂದೆ. ಹೇಳಬೇಕು ಅಂತಲೇ ಬಂದೆ — ಇದನ್ನು ನೀವು ನಂಬಬೇಕಾಗಿಲ್ಲ. ಹಿತ್ತಲಲ್ಲಿ ಗುಂಡಿ ತೋಡಿ, ಹುಳುಗಳನ್ನೆಲ್ಲ ಸುರಿದು ಮೇಲೆ ಸುಣ್ಣ ಹಾಕಿದ್ದರು. ಜಗಲಿಯ ಮೇಲೆ ಅಣ್ಣ ನಿಮ್ಮ ಫೋನ್ ಹಿಡಿದು ಕೂತಿದ್ದ. ನನ್ನ ಎರಡು ಸಾಲನ್ನು ಅವನು ಅಮ್ಮನಿಗೆ ಅಷ್ಟರಲ್ಲಿ ಎಷ್ಟು ಸಲ ಓದಿ ಹೇಳಿದ್ದನೋ, ನನ್ನೆದುರಿಗೆ ಇನ್ನೊಂದು ಸಲ ಓದಿದ. ನೀವು ಕಂಬಕ್ಕೆ ಒರಗಿ ನಿಂತಿದ್ದಿರಿ. ಕೈಗೆ ಸುಣ್ಣ ಮೆತ್ತಿಕೊಂಡಿತ್ತು.

ಅಮ್ಮ ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು.

‘ಪದ್ಮಾ, ನಿನ್ನ ಆ ಮೂರು ದಿನದಲ್ಲಿ ಹುಳು ಮನೆ ಒಳಗೆ ಹೋಗಿದ್ದೇನೇ?’ ಅಂತ ಕೇಳಿದಳು.

ಇಲ್ಲ ಅಂದಿದ್ದರೆ ಮುಗಿದು ಹೋಗುತ್ತಿತ್ತು. ನೋಡಿದವರು ಯಾರೂ ಇರಲಿಲ್ಲ. ಆದರೆ ನನ್ನ ಹಾಗೆ ಸುಳ್ಳು ಹೇಳುವುದು ನಿಮಗೆ ಬರುವುದಿಲ್ಲ.

‘ಹೋಗಿದ್ದೆ ಅತ್ತೆ. ಇವರು ಮದ್ವೆಗೆ ಅಂತ ನಂದಿಗೆ ಹೋಗಿದ್ರಲ್ಲ. ಹುಳ ಹಸ್ಕೊಂಡಿದ್ವು. ಸೊಪ್ಪು ಹಾಕೋರು ಯಾರಿದ್ರು?’

‘ಇನ್ನೇನು ಕೇಳೋದೈತೆ’ ಅಂದಳು ಅಮ್ಮ. ‘ಅವ್ರೂ ಅದ್ನೇ ಬರ್ದವ್ರೆ, ನಿಮ್ಮ ಮನೇಲೇ ಆಗಿರೋದು ಅಂತ.’

ಮುಟ್ಟಾದವಳು ಹುಳು ಮನೆಗೆ ಹೋದರೆ ಹುಳು ಏಳುವುದಿಲ್ಲ ಅನ್ನುವ ನಂಬಿಕೆ ನಮ್ಮ ಮನೆಯಲ್ಲಿ ಅಜ್ಜಿಯ ಕಾಲದಿಂದ ಇದೆ. ಅಮ್ಮ ಕೆಟ್ಟವಳಲ್ಲ, ತಾನೂ ಹಾಗೇ ಹೊರಗೆ ಕೂತು ಮುದುಕಿಯಾದವಳು. ನೀವು ಬಂದ ಮೇಲೆ ಅದು ಸಡಿಲವಾಗಿ, ಯಾರೂ ಕೇಳದಂತಾಗಿತ್ತು. ಅವತ್ತು ಮತ್ತೆ ಎದ್ದು ಕೂತಿತು. ಅದನ್ನು ಎಬ್ಬಿಸಿದ್ದು ಅಮ್ಮನಲ್ಲ, ಬೇಕರಿಯ ಮೇಲಿನ ಆಫೀಸು. ಓದಿದವಳು ಬರೆದ ಕನ್ನಡ, ಫೋನಿನಲ್ಲಿ ಬಂದದ್ದು — ಅಮ್ಮನ ಮಾತಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕಿತ್ತು?

ಆಮೇಲೆ ನೀವು ನನ್ನ ಕಡೆ ತಿರುಗಿದಿರಿ.

‘ಶೋಭಮ್ಮಾ, ಎಲ್ಲಾ ನಿನ್ನ ಹತ್ರಾನೇ ಅಲ್ವಾ ಬರೋದು. ನಿಜ ಹೇಳು. ಬೇರೆ ಯಾರ್ಗೂ ಆಗಿಲ್ವಾ?’

ಅಣ್ಣ ನನ್ನ ಮುಖ ನೋಡಿದ. ಅಮ್ಮ ನೋಡಿದಳು. ಹೌದು ಅಂದರೆ, ಹಾಗಾದರೆ ಈ ಸಾಲು ಬರೆದವರು ಯಾರು ಅಂತ ಅಣ್ಣ ಕೇಳುತ್ತಿದ್ದ. ಅಷ್ಟೇ ಕಾರಣ. ನಾನು ದೊಡ್ಡ ಕೆಲಸದಲ್ಲಿದ್ದೇನೆ, ಜಾಣೆ, ಆ ಮನೆಯಲ್ಲಿ ನನ್ನ ಮಾತಿಗೆ ಬೆಲೆ — ಅದು ಹೋದೀತಲ್ಲ ಅಂತ.

‘ಇಲ್ಲ ಅತ್ತಿಗೆ. ಯಾರ್ದೂ ಬಂದಿಲ್ಲ’ ಅಂದೆ.

ನೀವು ‘ಹಾಗಾದ್ರೆ ನಂದೇ’ ಅಂದು ಕೈ ತೊಳೆಯಲು ಹೋದಿರಿ. ಅಮ್ಮ ಮುದ್ದೆ ಬಡಿಸಿದಳು, ಸೊಪ್ಪಿನ ಸಾರು. ಉಂಡೆ, ಅತ್ತಿಗೆ. ಇನ್ನರ್ಧ ಮುದ್ದೆ ಹಾಕಿಸಿಕೊಂಡು ಉಂಡೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅಂತ ಗಾದೆ ಹೇಳಿ ನಗುತ್ತಿದ್ದವಳು ನಾನೇ. ಬರೆ ಎಳೆದ ಕೈಯಲ್ಲೇ ಊಟ ಮಾಡಿದೆ.

ಅಲ್ಲಿಂದ ಈಚೆಗೆ ನೀವು ಹುಳು ಮನೆಯ ಹೊಸ್ತಿಲು ದಾಟಿಲ್ಲ. ಮೂರು ದಿನವಲ್ಲ, ತಿಂಗಳು ಪೂರ್ತಿ. ನಿಮ್ಮನ್ನು ಯಾರೂ ಅಷ್ಟು ತಡೆದಿರಲಿಲ್ಲ, ನೀವಾಗಿಯೇ ಬಿಟ್ಟಿರಿ. ಹೊಲದಿಂದ ಸೊಪ್ಪು ಕೊಯ್ದು ಹೊತ್ತು ತರುತ್ತೀರಿ, ಬಾಗಿಲಲ್ಲಿ ಇಳಿಸಿ ಹಿಂದಕ್ಕೆ ಸರಿಯುತ್ತೀರಿ. ಒಳಗೆ ಅಣ್ಣ, ಅವನ ಕೈಕೆಳಗೆ ಕೂಲಿಯವರು. ಅಣ್ಣನಿಗೆ ಹುಳುವಿನ ಹದ ತಿಳಿಯದು. ಬಾಗಿಲಾಚೆ ನಿಂತು, ಹುಳು ಮೇಯುವ ಸದ್ದಿನಲ್ಲೇ ಸೊಪ್ಪು ಸಾಲದಾಗಿದೆ ಅಂತ ನೀವು ಹೇಳುವುದನ್ನು ಕಂಡಿದ್ದೇನೆ. ‘ತಿನಂಡ್ರಾ’ ಅನ್ನುವುದನ್ನು ಮಾತ್ರ ಮತ್ತೆ ಕೇಳಿಲ್ಲ. ಪ್ರತಿ ಸಲ ಬಂದಾಗಲೂ ಇವತ್ತು ಹೇಳುತ್ತೇನೆ ಅಂದುಕೊಳ್ಳುತ್ತೇನೆ — ಹಬ್ಬ, ಇವತ್ತು ಬೇಡ; ಅಮ್ಮನಿಗೆ ಮೈ ಸರಿಯಿಲ್ಲ, ಇವತ್ತು ಬೇಡ; ನೀವು ಖುಷಿಯಾಗಿದ್ದೀರಿ, ಇವತ್ತು ಯಾಕೆ. ಬೇಡ ಅನ್ನುವುದಕ್ಕೆ ದಿನಗಳಿಗೇನು ಬರವೇ. ಬರಬರುತ್ತ ನಿಮ್ಮ ಮುಖ ನೋಡಿದರೆ ನನಗೆ ಸಿಟ್ಟೇ ಬರುತ್ತಿತ್ತು, ಯಾಕೆ ಒಂದು ಸಲವಾದರೂ ಜಗಳ ಆಡಲಿಲ್ಲ ಇವರು ಅಂತ. ತಪ್ಪು ಮಾಡಿದವಳಿಗೆ ಸಿಟ್ಟು ಬೇರೆ.

ಹೋದ ತಿಂಗಳು ನಿಮ್ಮ ಮಗಳು ಕಾವ್ಯ ದೊಡ್ಡವಳಾದಳು. ಆರತಿಗೆ ಬಂದಿದ್ದೆ. ಅದು ಮುಗಿದು ನೆಂಟರೆಲ್ಲ ಹೋದ ಮೇಲೆ, ಅವಳು ಎಂದಿನ ಅಭ್ಯಾಸದಲ್ಲಿ ಹುಳು ನೋಡಲು ಆ ಕಡೆ ಓಡಿದಳು. ಹೊಸ್ತಿಲಲ್ಲಿ ನೀವು ಅವಳ ಕೈ ಹಿಡಿದಿರಿ. ನಾನು ಹಿಂದೆಯೇ ಇದ್ದೆ, ನೀವು ನೋಡಲಿಲ್ಲ.

‘ಇನ್ಮೇಲೆ ನೀನು ಒಳಗೆ ಹೋಗ್ಬೇಡ ಕಣಮ್ಮ. ನನ್ನಿಂದ ಒಂದು ಬೆಳೆ ಹೋಯ್ತು. ನಿನ್ನಿಂದ ಬೇಡ.’

‘ನಿನ್ನಿಂದ ಹೇಗಮ್ಮ ಹೋಗುತ್ತೆ? ನಮ್ಮ ಟೀಚರ್ ಅದೆಲ್ಲ ಸುಳ್ಳು ಅಂದಿದಾರೆ’ ಅಂದಳು ಕಾವ್ಯ.

‘ನಾನೂ ಸುಳ್ಳು ಅಂದ್ಕೊಂಡಿದ್ದೆ. ನಿಮ್ಮತ್ತೇನೇ ಎಲ್ಲಾ ನೋಡಿ ಹೇಳಿದ್ಳು, ಬೇರೆ ಯಾರ್ಗೂ ಆಗಿಲ್ಲ ಅಂತ.’

ನೀವು ನಂಬಿದ್ದೀರಿ. ಅಮ್ಮ ಅಂದದ್ದಕ್ಕಲ್ಲ, ಊರು ಅಂದದ್ದಕ್ಕಲ್ಲ, ನಾನು ಹೇಳಿದ್ದಕ್ಕೆ. ಅಷ್ಟು ದಿನ ನಾನು ಅಂದುಕೊಂಡಿದ್ದು, ನೀವು ಮನಸ್ಸಿನೊಳಗೆ ತಪ್ಪಿಲ್ಲವೆಂದು ಗೊತ್ತಿದ್ದೂ ಮನೆಯ ನೆಮ್ಮದಿಗೆ ಸುಮ್ಮನಿದ್ದೀರಿ ಅಂತ. ಹಾಗೆ ಅಂದುಕೊಂಡದ್ದರಿಂದಲೇ ನನಗೆ ನಿದ್ದೆ ಬರುತ್ತಿತ್ತು. ಈಗ ನಿಮ್ಮ ಕೈ ಕಾವ್ಯಳ ಕೈ ಹಿಡಿದದ್ದನ್ನು ಕಂಡ ಮೇಲೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ನನ್ನ ಒಂದು ಹಸಿರು ಚುಕ್ಕೆಗೆ ನೀವು ಹೊರಗಾದಿರಿ, ಈಗ ಅವಳೂ. ಇನ್ನು ಆ ಹನ್ನೊಂದು ಮನೆ — ಅಲ್ಲಿ ಯಾರನ್ನು ಕೇಳಿದರೋ, ಯಾರು ಕಂಬಕ್ಕೆ ಒರಗಿ ನಿಂತರೋ. ಅವರ ಹೆಸರುಗಳನ್ನಷ್ಟೇ ಬಲ್ಲೆ.

ಆ ಟೂಲ್‌ಕಿಟ್ಟಿನಲ್ಲಿ ಯಾವುದೂ ಅಳಿಯುವುದಿಲ್ಲ, ಅತ್ತಿಗೆ. ಮುಚ್ಚಿದ ಸಂದೇಶಗಳು ಹಿಂದೆ ಎಲ್ಲೋ ಹಾಗೇ ಇರುತ್ತವೆ. ಮೊನ್ನೆ ಹನ್ನೆರಡನ್ನೂ ಹುಡುಕಿ ತೆಗೆದೆ. ಹನ್ನೊಂದು ಮನೆಗೂ ಒಂದೊಂದಾಗಿ ಬರೆದೆ, ಈ ಸಲ ಒಟ್ಟಿಗೆ ಕಳಿಸಲಿಲ್ಲ. ರೋಗ ಮೊಟ್ಟೆಯಲ್ಲಿತ್ತು, ನಿಮ್ಮ ಮನೆಯಲ್ಲಿ ಯಾರ ತಪ್ಪೂ ಇರಲಿಲ್ಲ, ಆವತ್ತು ಸುಳ್ಳು ಬರೆದವಳು ನಾನು ಅಂತ. ಕೆಳಗೆ ನನ್ನ ಹೆಸರು ಹಾಕಿದೆ. ಜಗಲಿಯನ್ನು ತೆರೆದೆ. ಸರ್ ಯಾಕೆ ಅಂದರು, ಕಾರಣ ಹೇಳಿದೆ. ನನ್ನನ್ನು ಇಟ್ಟುಕೊಳ್ಳುವುದೋ ಬಿಡುವುದೋ ಅವರು ಯೋಚಿಸಲಿ.

ನಿಮಗೆ ಮಾತ್ರ ಫೋನಿನಲ್ಲಿ ಕಳಿಸುವುದಿಲ್ಲ. ಆ ಆ್ಯಪ್ಪನ್ನು ನೀವು ಯಾವತ್ತೋ ತೆಗೆದು ಹಾಕಿದ್ದೀರಿ, ಇದ್ದಿದ್ದರೂ ಕಳಿಸುತ್ತಿರಲಿಲ್ಲ. ಈ ಭಾನುವಾರ ಬರುತ್ತೇನೆ. ಅಮ್ಮ, ಅಣ್ಣ, ಕಾವ್ಯ ಮೂವರನ್ನೂ ಜಗಲಿಯ ಮೇಲೆ ಕೂರಿಸಿ, ಈ ಕಾಗದವನ್ನು ಮೊದಲಿಂದ ಕೊನೆಯ ತನಕ ಓದುತ್ತೇನೆ. ಅರ್ಧದಲ್ಲಿ ನಾನು ಅತ್ತರೆ ಸಮಾಧಾನ ಮಾಡಲು ಏಳಬೇಡಿ, ನಿಮ್ಮ ಸ್ವಭಾವ ನನಗೆ ಗೊತ್ತು. ಅಮ್ಮ ನಂಬದೆ ಹೋಗಬಹುದು. ಅಣ್ಣ ಇನ್ನು ನನ್ನನ್ನು ಮಾತಾಡಿಸದೆ ಇರಬಹುದು. ನೀವು ಕ್ಷಮಿಸಬೇಕು ಅಂತ ಕೇಳುವುದಿಲ್ಲ. ಕೇಳಿದರೆ ನೀವು ಕೂಡಲೇ ಕ್ಷಮಿಸಿಬಿಡುತ್ತೀರಿ, ಅದು ನನಗೆ ಇನ್ನೊಂದು ಸಲಿಗೆ ಆದೀತು.

ಓದಿದ ಮೇಲೆ ನಿಮ್ಮದೇ ದನಿಯನ್ನು ನಿಮಗೆ ಕೇಳಿಸುತ್ತೇನೆ. ನಿಮ್ಮ ಸಂದೇಶವನ್ನು ಮತ್ತೆ ತೆರೆದಿದ್ದೇನೆ, ಅದರ ಮುಂದಿನ ಚುಕ್ಕೆ ಈಗ ಕೆಂಪಗಿದೆ. ಕೇಳಿದ್ದು ಹಾಗೇ ಇದೆ — ‘ಬೇರೆಯೋರ್ಗೂ ಹಿಂಗೇ ಆಗೈತಾ? ಒಸಿ ನೋಡಿ ಹೇಳಮ್ಮ.’

ಆಗಿತ್ತು, ಅತ್ತಿಗೆ. ಇನ್ನೂ ಹನ್ನೊಂದು ಮನೆಗೆ ಆಗಿತ್ತು. ನನಗೆ ಅವತ್ತೇ ಗೊತ್ತಿತ್ತು.